ಕಲ್ಲಿನೊಳಗೆ ಕುಗ್ಗುವ ದನಿ

ನಾವು ಅನ್ನ ಅರಸಿ ಬಂದ ಅಬುಧಾಬಿಯ ತೈಲವು ನೆಲದಡಿಯ ಕೆರೆಯಲ್ಲಿ ನಿಂತಿಲ್ಲ. ಇಡ್ಲಿ ಸಾಂಬಾರನ್ನು ಹೀರಿಕೊಂಡಂತೆ, ಥಮಾಮಾ ಮುಂತಾದ ಸುಣ್ಣಕಲ್ಲಿನ ಪದರಗಳ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದೆ. ಅದನ್ನು ಹುಡುಕುವವರು ನೆಲವನ್ನು ಕಂಪಿಸಿ, ಮರಳಿ ಬರುವ ಅಲೆಗಳನ್ನು ಆಲಿಸುತ್ತಾರೆ.

ಅಲೆ ಹಾಯುವಾಗ ಕಲ್ಲೂ ರಂಧ್ರದ ದ್ರವವೂ ಒಂದೇ ಲಯದಲ್ಲಿ ಅಲುಗುವುದಿಲ್ಲ. ಹಿಂದುಳಿದ ದ್ರವವು ಗೋಡೆಗೆ ಉಜ್ಜಿ, ಅಲೆಯ ಶಕ್ತಿ ಶಾಖವಾಗಿ ಕರಗುತ್ತದೆ. 1956ರಲ್ಲಿ ಮಾರಿಸ್ ಬಿಯೋ ಇದನ್ನು ಗಣಿತದಲ್ಲಿ ನಿರೂಪಿಸಿ, ಬೇಗನೆ ನಶಿಸುವ ಎರಡನೆಯ 'ನಿಧಾನ ಅಲೆ'ಯೂ ಇರಬೇಕೆಂದರು. 1980ರಲ್ಲಿ ಪ್ಲೋನಾ ಪ್ರಯೋಗಾಲಯದಲ್ಲಿ ಅದನ್ನು ಕಂಡರು.

ದ್ರವದ ನಡುವೆ ಅಲ್ಲಲ್ಲಿ ಅನಿಲವಿದ್ದರೆ ಅಲೆ ಇನ್ನಷ್ಟು ಕುಗ್ಗುವುದುಂಟು. ಆದರೆ ಬಿರುಕುಗಳೂ ಹಾಗೆಯೇ ಕುಗ್ಗಿಸುತ್ತವೆ. ಆದುದರಿಂದ ಕುಗ್ಗಿದ ದನಿ ಸುಳಿವು ಮಾತ್ರ, ಸಾಕ್ಷಿಯಲ್ಲ; ಅದನ್ನು ತಪ್ಪಾಗಿ ಓದಿದರೆ ಕೋಟ್ಯಂತರ ದಿರ್ಹಂ ಬರಿದಾದ ಬಾವಿಯ ಪಾಲು.