ಆಕ್ಸಿಜನ್‌ಗೂ ಬೇಕು ಅಳತೆ

ಪ್ರಶ್ನೆ: ಶಿಶುಗಳ ಐಸಿಯುನಲ್ಲಿ ಆಕ್ಸಿಜನ್‌ಗೆ ಗಾಳಿ ಬೆರೆಸುವುದೇಕೆ? ಅಳತೆ ತಪ್ಪಿದರೆ ತಿಳಿಯುವುದು ಹೇಗೆ?

ಉತ್ತರ: ಆಕ್ಸಿಜನ್ ಕೂಡ ಔಷಧವೇ, ಮಿತಿಮೀರಿದರೆ ಕೇಡು. 1940ರ ದಶಕದಲ್ಲಿ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಇನ್‌ಕ್ಯುಬೇಟರ್‌ನಲ್ಲಿ ಅದನ್ನು ಧಾರಾಳವಾಗಿ ಕೊಡುತ್ತಿದ್ದರು. ಜೀವ ಉಳಿಯಿತು, ಆದರೆ ಸಾವಿರಾರು ಮಕ್ಕಳ ಕಣ್ಣು ಹೋಯಿತು. 1951ರಲ್ಲಿ ಮೆಲ್ಬರ್ನ್‌ನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಈ ನಂಟನ್ನು ಎತ್ತಿ ತೋರಿಸಿದರು. ಎಂಥ ದುಬಾರಿ ಪಾಠ!

ಇಂದು ಆ ಅಳತೆ ಕಾಯುವುದು ಬ್ಲೆಂಡರ್. ಆಸ್ಪತ್ರೆಯ ಗೋಡೆಯಲ್ಲಿನ ಕೊಳವೆಗಳಿಂದ ಗಾಳಿ, ಆಕ್ಸಿಜನ್ ಎರಡೂ ಸುಮಾರು 50 ಪಿಎಸ್‌ಐ ಒತ್ತಡದಲ್ಲಿ ಒಳಬರುತ್ತವೆ. ಅದರೊಳಗಿನ ಡಯಾಫ್ರಮ್ ಎಂಬ ಬಾಗುವ ಪೊರೆಗಳು ಮೊದಲು ಎರಡರ ಒತ್ತಡವನ್ನೂ ಸಮ ಮಾಡುತ್ತವೆ. ಆಮೇಲೆ ಗುಂಡಿ ತಿರುಗಿಸಿದಂತೆ ಒಳಗಿನ ವಾಲ್ವ್ ಒಂದರ ದಾರಿಯನ್ನು ಅಗಲಿಸಿ ಇನ್ನೊಂದರದ್ದನ್ನು ಕಿರಿದಾಗಿಸುತ್ತದೆ. ಗಾಳಿಯಲ್ಲೇ ಶೇ 21 ಆಕ್ಸಿಜನ್ ಇರುವುದರಿಂದ ತಲಾ 5 ಲೀಟರ್ ಬೆರೆಸಿದರೆ ಸಿಗುವುದು ಶೇ 50 ಅಲ್ಲ, ಸುಮಾರು ಶೇ 60.

ಒಂದು ಕಡೆಯ ಒತ್ತಡ ತೀರಾ ಕುಸಿದರೆ ಬ್ಲೆಂಡರ್ ಜೋರಾಗಿ ಸಿಳ್ಳೆ ಹಾಕುತ್ತದೆ. ಅನಿಲದ ಒತ್ತಡವೇ ಅದನ್ನು ಊದುವುದರಿಂದ ಕರೆಂಟ್ ಹೋದರೂ ಸದ್ದು ನಿಲ್ಲದು. ಉಳಿದ ಅನಿಲ ಹರಿಯುತ್ತಲೇ ಇರುತ್ತದೆ, ಆದರೆ ಆಗ ಗುಂಡಿಯ ಅಂಕಿಯನ್ನು ನಂಬುವಂತಿಲ್ಲ. ಒಂದರ ಕೊಳವೆಗೆ ಇನ್ನೊಂದು ನುಗ್ಗದಂತೆ ಏಕಮುಖ ವಾಲ್ವ್‌ಗಳಿವೆ. ಅದಲುಬದಲಾಗದಂತೆ ಜೋಡಣೆಯ ತುದಿಗಳೂ ಬೇರೆಬೇರೆ.

ಇಷ್ಟಾದರೂ ಹೊರಬರುವ ಮಿಶ್ರಣವನ್ನು ಪ್ರತ್ಯೇಕ ಆಕ್ಸಿಜನ್ ಅನಲೈಸರ್‌ನಿಂದ ಅಳೆಯಲೇಬೇಕು. ಮಗುವಿನ ಪಾದಕ್ಕೆ ಸುತ್ತಿದ ಪಲ್ಸ್ ಆಕ್ಸಿಮೀಟರ್ ನೋಡಿಕೊಂಡು ನರ್ಸ್ ಗುಂಡಿಯನ್ನು ಏರಿಸುತ್ತಾರೆ, ಇಳಿಸುತ್ತಾರೆ.