ಬಂಡೀಪುರದ ಬಿಡಾರದಲ್ಲಿ ಜೇಬಿನ ಉಪಕರಣ

ಕಾಡಿನಲ್ಲಿ ಬಿಡಾರ ಮಾಡತಕ್ಕವರು ಮೈಮೇಲೆ ಯಾವ ಸಲಕರಣೆಯನ್ನು ಇಟ್ಟುಕೊಂಡಿರಬೇಕು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಎಂದೋ ಉತ್ತರ ಕಂಡುಕೊಂಡಿದ್ದರು. ಹೊಲಕ್ಕೋ ಕಾಡಿಗೋ ಹೊರಟವನ ಉಡಿದಾರದಲ್ಲಿ ಸಣ್ಣದೊಂದು ಚಿಮಟವೂ ಮುಳ್ಳು ಕೀಳುವ ಕಡ್ಡಿಯೂ ತೂಗುತ್ತಿದ್ದುವು. ಎಲೆಯಡಿಕೆಯ ಸಂಚಿಯಲ್ಲಿ ಅಡಕತ್ತರಿಯಿರುತ್ತಿದ್ದಿತು. ಷರಾಯಿ ತೊಟ್ಟ ನಾವು ಉಡಿದಾರವನ್ನೂ ಸಂಚಿಯನ್ನೂ ಬಿಟ್ಟೆವು. ಮುಳ್ಳು ಮಾತ್ರ ನಮ್ಮನ್ನು ಬಿಡಲಿಲ್ಲ.

ಇದೇ ಅಗತ್ಯವು ಪಶ್ಚಿಮ ದೇಶಗಳಲ್ಲಿ ಬೇರೊಂದು ರೂಪವನ್ನು ತಾಳಿತು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸನರ್ ಎಂಬಾತನು 1891ರಲ್ಲಿ ಆ ದೇಶದ ಸೈನಿಕರಿಗೆ ಮಡಿಚುವ ಚೂರಿಗಳನ್ನು ಒದಗಿಸತೊಡಗಿದನು. ಅದರಲ್ಲಿ ಅಲಗಿನೊಡನೆ ಡಬ್ಬಿ ತೆರೆಯುವ ಸಾಧನ, ತೂತು ಕೊರೆಯುವ ಮೊನೆ ಮತ್ತು ತಿರುಪುಳಿ ಇದ್ದುವು. ಸೈನಿಕನಿಗೆ ತಿರುಪುಳಿಯೇಕೆಂದರೆ, ಆಗಿನ ಹೊಸ ಬಂದೂಕನ್ನು ಬಿಚ್ಚಿ ಜೋಡಿಸಲು ಅದು ಬೇಕಾಗಿದ್ದಿತು. ಮುಂದೆ 1975ರಲ್ಲಿ ಅಮೆರಿಕದ ಟಿಮ್ ಲೆದರ್‌ಮನ್ ಎಂಬವರು ಹಳೆಯ ಕಾರೊಂದರಲ್ಲಿ ಯೂರೋಪನ್ನು ಸುತ್ತುವಾಗ, ತಮ್ಮ ಚೂರಿಯಲ್ಲಿ ಇಕ್ಕಳವೊಂದಿಲ್ಲವಲ್ಲಾ ಎಂದು ಪದೇ ಪದೇ ಪೇಚಾಡಿದರು. 1983ರ ವೇಳೆಗೆ ಇಕ್ಕಳವೇ ಪ್ರಧಾನವಾದ ಉಪಕರಣವನ್ನು ಮಾರಾಟಕ್ಕೆ ತಂದರು.

ಇದನ್ನು ಜೇಬಿಗೆ ಹಾಕಿಕೊಂಡು ನಂಜನಗೂಡು, ಗುಂಡ್ಲುಪೇಟೆಗಳ ಮಾರ್ಗವಾಗಿ ನೇರವಾಗಿ ಕಾಡನ್ನು ಹೊಗಬಹುದೆಂದು ತಿಳಿಯತಕ್ಕದ್ದಲ್ಲ. ಬಂಡೀಪುರವು 1973ರಿಂದ ಹುಲಿ ಯೋಜನೆಗೆ ಸೇರಿದ ಕಾಡು. ಅಲ್ಲಿ ಮನಬಂದ ಕಡೆ ಡೇರೆ ಹೊಡೆಯುವಂತಿಲ್ಲ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ‘ಆಯುಧ’ ಎಂಬ ಪದದ ಅರ್ಥವನ್ನು ವಿವರಿಸುವಾಗ ಬಂದೂಕು, ಬಲೆ, ವಿಷ, ಉರುಳುಗಳ ಸಾಲಿನಲ್ಲಿಯೇ ಚೂರಿಯನ್ನೂ ಎಣಿಸಿದ್ದಾರೆ. ಲಿಖಿತ ಅನುಮತಿಯಿಲ್ಲದೆ ಆಯುಧವನ್ನು ಒಳಕ್ಕೆ ಒಯ್ಯಕೂಡದು. ಸೀಬೆಹಣ್ಣು ಹೆಚ್ಚುವ ಎರಡಂಗುಲದ ಅಲಗು ಆಯುಧ ಹೇಗಾದೀತು ಎಂದು ತರ್ಕಶಾಸ್ತ್ರ ಓದಿದವರು ವಾದಿಸಬಹುದು. ಆ ವಾದಕ್ಕೆ ಅರಣ್ಯದ ಗೇಟು ತಕ್ಕ ಸ್ಥಳವಲ್ಲ.

2017ರ ಮೇ ತಿಂಗಳಲ್ಲಿ ಆನೆಗಣತಿಗೆ ಸ್ವಯಂಸೇವಕರಾಗಿ ಹೋದಾಗ ನಾವು ಚೂರಿಯನ್ನು ಹೊರಗೆ ಕಾರ್ಯಾಲಯದಲ್ಲಿಯೇ ಒಪ್ಪಿಸಿದೆವು. ಆದರೆ ಅದರ ಹಿಡಿಯೊಳಗೆ ಸೇರಿಸಿರುವ ಪುಟ್ಟ ಚಿಮಟವು ಎಳೆದರೆ ಹೊರಗೆ ಬರುತ್ತದೆ, ಅದನ್ನು ಉಳಿಸಿಕೊಂಡೆವು. ಸ್ನೇಹಿತರೊಬ್ಬರ ಬಳಿ ಅಲಗಿಲ್ಲದ, ಇಕ್ಕಳ ಮತ್ತು ತಿರುಪುಳಿಗಳು ಮಾತ್ರವಿರುವ ಉಪಕರಣವಿದ್ದಿತು. ಇವೆರಡರಿಂದಲೇ ಮೂರು ದಿನ ಸಾಗಿತು. ಕಾವಲುಗಾರರ ಶಿಬಿರದಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿದ್ದು ಇಕ್ಕಳ. ನಾವು ಒಯ್ದಿದ್ದ ದೀಪದ ಕಳಚಿದ ತಂತಿಯನ್ನು ಸೇರಿಸಿದ್ದೂ ಅದೇ. ಕೆರೆಯ ಬಳಿ ಕುಳಿತು ಆನೆಗಳನ್ನು ಎಣಿಸಬೇಕಾದ ದಿನ ಬೆಳಗ್ಗೆಯೇ ನಮ್ಮ ಕನ್ನಡಕದ ತಿರುಪು ಸಡಿಲವಾಗಿ ಒಂದು ಕಡೆಯ ಕಡ್ಡಿ ಕೈಗೆ ಬಂದಿತು. ಕನ್ನಡಕವಿಲ್ಲದೆ ನಮಗೆ ಆನೆಯೂ ಬಂಡೆಯೂ ಒಂದೇ. ಅಂದಿನ ಲೆಕ್ಕವು ಸರಿಯಾಗಿದ್ದರೆ ಅದರ ಕೀರ್ತಿಯು ತಿರುಪುಳಿಗೆ ಸಲ್ಲಬೇಕು.

ಆದರೂ ಚಿಮಟದ ಉಪಕಾರವೇ ದೊಡ್ಡದು. ಬೇಸಗೆಯ ಕಾಡಿನಲ್ಲಿ ನಡೆದು ಬಂದವರ ಕಾಲು, ಸೊಂಟ, ಕಂಕುಳುಗಳಿಗೆ ಉಣ್ಣೆಗಳು ಕಚ್ಚಿರುತ್ತವೆ. ಕೆಲವು ರಾಗಿಕಾಳಿಗಿಂತಲೂ ಸಣ್ಣವು. ನಮ್ಮಲ್ಲೊಬ್ಬರು ಉಗುರಿನಿಂದ ಕೆರೆದು ಕೀಳಹೊರಟರು. ಮತ್ತೊಬ್ಬರು ಸೀಮೆಎಣ್ಣೆ ತರಿಸಿದರು. ಶಿಬಿರದ ವಯಸ್ಸಾದ ಕಾವಲುಗಾರನು, “ಹಂಗೆ ಕಿತ್ರೆ ತಲೆ ಒಳಗೇ ಉಳ್ಕತ್ತದೆ ಸ್ವಾಮಿ” ಎಂದು ತಡೆದು, ತನ್ನ ಉಡಿದಾರದಿಂದ ಚಿಮಟವನ್ನು ಬಿಚ್ಚಿದನು. ವೈದ್ಯಶಾಸ್ತ್ರವು ಹೇಳುವುದೂ ಅದನ್ನೇ. ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಉಣ್ಣೆಯನ್ನು ಹಿಡಿದು, ತಿರುಚದೆ, ಅದರ ಹೊಟ್ಟೆಯನ್ನು ಹಿಸುಕದೆ, ಮೆಲ್ಲಗೆ ನೇರವಾಗಿ ಮೇಲಕ್ಕೆ ಎಳೆಯಬೇಕು. ಎಣ್ಣೆ ಸುರಿಯುವುದು, ಬೀಡಿಯ ಕೆಂಡ ತಾಗಿಸುವುದು ಕೂಡದು. ಚೂರಿಯ ಹಿಡಿಯಲ್ಲಿ ಬರುವ ಚಿಮಟದ ತುದಿ ಚಪ್ಪಟೆ. ಬಹು ಸಣ್ಣ ಉಣ್ಣೆಗಳಿಗೆ ಮುದುಕನ ಮೊನಚು ಚಿಮಟವೇ ಮೇಲಾಗಿದ್ದಿತೆಂದು ಒಪ್ಪಬೇಕು.

ಇದು ಬರಿಯ ತುರಿಕೆಯ ಮಾತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡತಕ್ಕದ್ದು ಉಣ್ಣೆಯೇ. 2012ರ ಕೊನೆಯಲ್ಲಿ ಬಂಡೀಪುರದಲ್ಲಿಯೂ ಮಂಗಗಳು ಸತ್ತು, ಅವುಗಳ ಕಳೇಬರಗಳ ವಿಲೇವಾರಿಯಲ್ಲಿದ್ದ ನೌಕರರಿಗೆ ಆ ರೋಗವು ತಗಲಿತು. ಆದುದರಿಂದ ಬಿಡಾರದಲ್ಲಿ ಪ್ರತಿ ಸಂಜೆಯೂ ದೀಪದ ಬೆಳಕಿನಲ್ಲಿ ಮೈಯನ್ನು ಪರೀಕ್ಷಿಸಿಕೊಂಡು, ಉಣ್ಣೆ ಕಚ್ಚಿದ್ದರೆ ಕಿತ್ತು, ಆ ಸ್ಥಳವನ್ನು ಸೋಪಿನಿಂದ ತೊಳೆಯಬೇಕು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಸಿಬ್ಬಂದಿಗೆ ತಿಳಿಸಬೇಕು. ಊರಿಗೆ ಹಿಂದಿರುಗಿದ ಮೇಲೆ ಹತ್ತು ಹನ್ನೆರಡು ದಿನಗಳೊಳಗಾಗಿ ಜ್ವರವೂ ವಿಪರೀತ ತಲೆನೋವೂ ಬಂದರೆ, ನಾವು ಇಂಥ ಕಾಡಿನಲ್ಲಿದ್ದೆವು, ನಮಗೆ ಉಣ್ಣೆ ಕಚ್ಚಿದ್ದಿತು ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿಬಿಡಬೇಕು.