ದನಿಗೆ ಬಲ, ತಂತಿಗೆ ಮಿತಿ

ಮೈಸೂರಿನಿಂದ ಬರುವ ಹೆದ್ದಾರಿಯು ಕುಶಾಲನಗರದ ಬಳಿ ಕಾವೇರಿಯನ್ನು ದಾಟಿ, ಸುಂಟಿಕೊಪ್ಪದ ಕಾಫಿ ತೋಟಗಳ ನಡುವೆ ಏರುತ್ತ ಮಡಿಕೇರಿಯನ್ನು ಸೇರುತ್ತದೆ. ಈ ದಾರಿಯಲ್ಲಿ ದೂರಪ್ರಯಾಣಕ್ಕೆಂದೇ ರೂಪಿಸಿದ ದೊಡ್ಡ ಮೋಟಾರು ಸೈಕಲುಗಳು ಆಗಾಗ ಕಾಣಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಕಾರ್ಖಾನೆಯಲ್ಲಿಯೇ ಸ್ಟೀರಿಯೊ ಅಳವಡಿಸಿರುತ್ತಾರೆ. ವಾಹನ ನಿಂತಿರುವಾಗ ಮಡಿಕೇರಿ ಆಕಾಶವಾಣಿಯ ಹಾಡು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ವೇಗವು ಗಂಟೆಗೆ 80 ಕಿಲೋಮೀಟರನ್ನು ಮುಟ್ಟಿತೆಂದರೆ ಗಾಳಿಯ ಮೊರೆತದಲ್ಲಿ ಆ ಹಾಡು ಮುಳುಗಿಹೋಗುತ್ತದೆ. ಆಗ ಸವಾರನಿಗೆ ಹೊರಗಿನಿಂದ ಒಂದು ಆಂಪ್ಲಿಫೈಯರನ್ನು, ಎಂದರೆ ಧ್ವನಿವರ್ಧಕವನ್ನು, ತಂದು ಜೋಡಿಸುವ ಆಸೆ ಹುಟ್ಟುತ್ತದೆ. ಮೇಲ್ನೋಟಕ್ಕೆ ಇದು ನಾಲ್ಕಾರು ವೈರುಗಳ ಕೆಲಸ. ಆದರೆ ಒಂದು ವೈರಿನ ತಪ್ಪು ಇಡೀ ವಾಹನವನ್ನೇ ಸುಡಬಲ್ಲುದು.

ಧ್ವನಿವರ್ಧಕವು ಮಾಡುವ ಕೆಲಸವಾದರೂ ಏನು? ಕೊಡಗಿನ ಕಣಿವೆಯ ಗದ್ದೆಗಳಿಗೆ ಕೆರೆಯಿಂದ ನೀರು ಬಿಡುವ ತೂಬನ್ನು ನೆನೆಯಬಹುದು. ತೂಬಿನ ಹಲಗೆಯನ್ನು ಸ್ವಲ್ಪವೇ ಎತ್ತಿದರೂ ನೀರು ಭೋರ್ಗರೆದು ಹರಿಯುತ್ತದೆ. ಆ ರಭಸ ಕೈಯದಲ್ಲ, ಕೆರೆಯದು; ಕೈ ಅದನ್ನು ಹತೋಟಿಯಲ್ಲಿಡುತ್ತದೆ, ಅಷ್ಟೆ. ಅದರಂತೆಯೇ ಸ್ಟೀರಿಯೊದಿಂದ ಬರುವ ದುರ್ಬಲವಾದ ವಿದ್ಯುತ್ ಸಂಕೇತವು ಬ್ಯಾಟರಿಯಿಂದ ಹರಿಯುವ ಬಲವಾದ ಪ್ರವಾಹವನ್ನು ತನ್ನ ಏರಿಳಿತಕ್ಕೆ ತಕ್ಕಂತೆ ಕುಣಿಸುತ್ತದೆ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ನಿರ್ಮಿಸಿದ ನಿರ್ವಾತ ಕೊಳವೆಯು ಈ ವಿದ್ಯೆಗೆ ದಾರಿ ತೆರೆಯಿತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಅದನ್ನು ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾಗಿಸಿತು. ಆದರೆ ಯಾವ ಧ್ವನಿವರ್ಧಕವೂ ಶಕ್ತಿಯನ್ನು ಸೃಷ್ಟಿಸಲಾರದು. ಅದು ವ್ಯಯಿಸುವುದೆಲ್ಲ ಬ್ಯಾಟರಿಯ ಶಕ್ತಿಯೇ.

ಆದ್ದರಿಂದ ಜೋಡಣೆಯ ಮೊದಲ ಹೆಜ್ಜೆ ಲೆಕ್ಕಾಚಾರ. ಧ್ವನಿವರ್ಧಕವು ಪೂರ್ಣಬಲದಲ್ಲಿ 100 ವಾಟ್ ನೀಡುವುದೆಂದೂ, ಅದರ ದಕ್ಷತೆ ಶೇಕಡಾ 80 ಎಂದೂ ಇಟ್ಟುಕೊಳ್ಳೋಣ. ಆಗ ಅದಕ್ಕೆ 125 ವಾಟ್ ಬೇಕು. ಬ್ಯಾಟರಿ 12.5 ವೋಲ್ಟಿನದಾದರೆ 10 ಆಂಪೇರ್ ಪ್ರವಾಹ ಹರಿಯಬೇಕಾಗುತ್ತದೆ. ಎಂಜಿನ್ ನಿಲ್ಲಿಸಿ ಹಾಡು ಕೇಳುತ್ತ ಕುಳಿತರೆ 20 ಆಂಪೇರ್-ಗಂಟೆಯ ಬ್ಯಾಟರಿಯು ಹೆಚ್ಚೆಂದರೆ ಎರಡು ಗಂಟೆ ಬಾಳೀತು; ಎಂಜಿನನ್ನು ಮತ್ತೆ ಚಾಲೂ ಮಾಡುವ ಕಸುವು ಅದಕ್ಕೂ ಮೊದಲೇ ಉಡುಗಿಹೋಗುತ್ತದೆ. ಎಂಜಿನ್ ಓಡುತ್ತಿರುವಾಗಲೂ ಅದು ಉತ್ಪಾದಿಸುವ ವಿದ್ಯುತ್ತಿಗೆ ಒಂದು ಮಿತಿಯಿದೆ. ದೀಪ, ಹಾರನ್ ಮೊದಲಾದವುಗಳ ಪಾಲನ್ನು ಕಳೆದು ಉಳಿದುದಷ್ಟೇ ಹಾಡಿಗೆ ಸಲ್ಲಬೇಕು.

ಎರಡನೆಯದು ವೈರಿನ ಆಯ್ಕೆ. ಸ್ಟೀರಿಯೊದ ಹಳೆಯ ತೆಳುವಾದ ವೈರಿನಿಂದಲೇ ವಿದ್ಯುತ್ತನ್ನು ಪಡೆಯುವುದು ಅಪಾಯಕರ. ಪ್ರವಾಹವು ಇಮ್ಮಡಿಯಾದರೆ ಅದೇ ವೈರಿನಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುತ್ತದೆ. ಹೀಗಾಗಿ ಬ್ಯಾಟರಿಯಿಂದಲೇ ತಕ್ಕಷ್ಟು ದಪ್ಪನೆಯ ಬೇರೆ ವೈರನ್ನು ಎಳೆಯಬೇಕು. ಬ್ಯಾಟರಿಯ ಧನಾಗ್ರದಿಂದ ಗೇಣುದ್ದದೊಳಗೆ ಫ್ಯೂಸ್ ಇರಬೇಕು. ಅದನ್ನು ದೂರದಲ್ಲಿ ಧ್ವನಿವರ್ಧಕದ ಪಕ್ಕದಲ್ಲಿ ಇಟ್ಟರೆ, ನಡುದಾರಿಯಲ್ಲಿ ವೈರಿನ ಹೊದಿಕೆ ಸವೆದು ಲೋಹಕ್ಕೆ ತಗುಲಿದಾಗ ಅದು ಕಾಪಾಡಲಾರದು. ಫ್ಯೂಸ್ ತಾನು ಸುಟ್ಟು ವಾಹನವನ್ನು ಉಳಿಸುತ್ತದೆ. ಅದು ಪದೇ ಪದೇ ಸುಡುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದಾಗಲಿ ತಂತಿಯ ಚೂರನ್ನು ಸುತ್ತುವುದಾಗಲಿ ಪರಿಹಾರವಲ್ಲ. ಅದು ಕಾವಲುಗಾರನ ಬಾಯಿ ಕಟ್ಟಿದಂತೆ. ಧ್ವನಿವರ್ಧಕವು ವಾಹನದ ಕೀಲಿಯೊಡನೆಯೇ ಚಾಲೂ ಆಗಿ ಅದರೊಡನೆಯೇ ಆರುವಂತೆ ಒಂದು ರಿಲೇಯನ್ನೂ ಜೋಡಿಸುವುದುಂಟು.

ಮೂರನೆಯದು ಸಂಕೇತದ ವೈರು. ಸ್ಟೀರಿಯೊದಿಂದ ಸ್ಪೀಕರಿಗೆ ಹೋಗುವ ಸಂಕೇತವು ಅನೇಕ ಧ್ವನಿವರ್ಧಕಗಳು ಸ್ವೀಕರಿಸಬಲ್ಲ ಸಂಕೇತಕ್ಕಿಂತ ಪ್ರಬಲವಾಗಿರುತ್ತದೆ. ಅದನ್ನು ತಗ್ಗಿಸುವ ಪರಿವರ್ತಕವನ್ನು ನಡುವೆ ಇಡದಿದ್ದರೆ ದನಿ ಒಡೆಯುತ್ತದೆ. ಇಂದಿನ ಬಹುಪಾಲು ಸ್ಟೀರಿಯೊಗಳಲ್ಲಿ ಸ್ಪೀಕರಿನ ಎರಡು ವೈರುಗಳೂ ಸಂಕೇತವನ್ನು ಒಯ್ಯುತ್ತವೆ. ಅವುಗಳಲ್ಲಿ ಯಾವುದೊಂದನ್ನು ವಾಹನದ ಚೌಕಟ್ಟಿಗೆ ತಾಗಿಸಿದರೂ ಸ್ಟೀರಿಯೊ ಹಾಳಾಗಬಹುದು. ಸ್ಪೀಕರುಗಳ ರೋಧವನ್ನೂ ಗಮನಿಸಬೇಕು. 4 ಓಮಿನ ಎರಡನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 2 ಓಮಿಗಿಳಿದು ಪ್ರವಾಹ ಇಮ್ಮಡಿಸುತ್ತದೆ; ಅದನ್ನು ತಾಳಲಾರದ ಧ್ವನಿವರ್ಧಕ ಕಾದು ಕೆಡುತ್ತದೆ.

ಕೊಡಗಿನಲ್ಲಿ ಇವೆಲ್ಲಕ್ಕೂ ಮಳೆಯ ಪರೀಕ್ಷೆಯಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ನೀರು ಸಡಿಲವಾದ ಜೋಡಣೆಗಳೊಳಗೆ ನುಗ್ಗುತ್ತದೆ. ತಾಮ್ರ ಹಸಿರುಗಟ್ಟಿ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದಲ್ಲಿ ಶಾಖ ಏರುತ್ತದೆ. ಆದುದರಿಂದ ವೈರುಗಳನ್ನು ಬರಿದೆ ಹೊಸೆದು ಟೇಪು ಸುತ್ತದೆ, ನೀರು ಹೋಗದ ಜೋಡಕಗಳಿಂದ ಬಿಗಿಯುವುದು ಲೇಸು. ಹ್ಯಾಂಡಲ್ ತಿರುಗುವಾಗ ಅವು ಎಳೆದು ಹರಿಯದಂತೆ ಸ್ವಲ್ಪ ಸಡಿಲನ್ನೂ ಬಿಟ್ಟಿರಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ಮಿತಿ ಉಳಿಯುತ್ತದೆ. 10 ವಾಟನ್ನು 100 ವಾಟಿಗೆ ಏರಿಸಿದರೆ ದನಿ ಹೆಚ್ಚುವುದು 10 ಡೆಸಿಬೆಲ್. ಕಿವಿಗೆ ಅದು ಸುಮಾರು ಎರಡು ಪಟ್ಟೆಂದಷ್ಟೇ ತೋರುತ್ತದೆ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ಲಿಗಿಂತ ಹೆಚ್ಚಿನ ಸದ್ದನ್ನು ಕೇಳುತ್ತಿರುವುದು ಶ್ರವಣಶಕ್ತಿಗೆ ಹಾನಿಕರವೆಂದು ಭಾವಿಸಲಾಗಿದೆ. ಹೆದ್ದಾರಿಯ ವೇಗದಲ್ಲಿ ಗಾಳಿಯ ಸದ್ದೊಂದೇ ಆ ಮಟ್ಟವನ್ನು ಮೀರಬಲ್ಲುದು. ಅದನ್ನು ಹಾಡಿನಿಂದ ಗೆಲ್ಲಹೊರಟರೆ ಸೋಲುವುದು ಕಿವಿಯೇ. ಊರಿನ ನೆಮ್ಮದಿಯೂ ಒಂದು ಮಾತು: 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ.

ಹುಣಸೂರಿನಿಂದ ತಿತಿಮತಿಯ ಮೂಲಕ ಗೋಣಿಕೊಪ್ಪಲಿಗೆ ಬರುವ ದಾರಿಯು ಕಾಡಾನೆಗಳು ಸಂಚರಿಸುವ ಕಾಡನ್ನು ಹಾಯ್ದು ಬರುತ್ತದೆ. ಅಲ್ಲಿ ಬಿದಿರು ಮುರಿಯುವ ಸದ್ದೇ ಸವಾರನಿಗೆ ಎಚ್ಚರಿಕೆ. ತಿರುವಿನಾಚೆಯಿಂದ ಬರುವ ಬಸ್ಸಿನ ಹಾರನ್ನೂ ಹಾಗೆಯೇ. ದನಿಯನ್ನು ಹೆಚ್ಚಿಸಲು ಬಲ್ಲವನು ಅದನ್ನು ತಗ್ಗಿಸಬೇಕಾದ ಹೊತ್ತನ್ನೂ ಬಲ್ಲವನಾಗಿದ್ದರೆ, ಆ ವಿದ್ಯೆ ಅವನನ್ನು ಸುಖವಾಗಿ ಮನೆ ಸೇರಿಸುತ್ತದೆ.